ಕೆಮ್ಮಣ್ಣು ತೊಳೆದುಕೊಂಡ ದಿನ

ಬಾಚಣಿಗೆ ಕಂಡರೆ ಹೆದರುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಎಂದು ಬಹಳ ದಿನ ಅಂದುಕೊಂಡಿದ್ದೆ. ಹೆಬ್ಬಾಳದ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು, ಇಂಥವರು ಇನ್ನೂ ಇದ್ದಾರೆ ಎಂದು ಗೊತ್ತಾಯಿತು. ಯಶವಂತಪುರದಿಂದ ಬರುತ್ತಿದ್ದ ಒಬ್ಬ ಮೇಷ್ಟ್ರು ತಲೆಗೆ ಮಫ್ಲರ್ ಸುತ್ತಲಾರದೆ, ಸುತ್ತದೆ ಇರಲಾರದೆ ಚಳಿಗಾಲ ಕಳೆದಿದ್ದರು. "ನೋಡೋರಿಗೆ ಏನೂ ಕಾಣಲ್ವಲ್ಲ, ಅದೇ ಕಷ್ಟ" ಎಂದಿದ್ದರು. ಮೇಲೆ ಗಾಯ ಮಾಯ್ದು ಒಳಗೆ ಉರಿ ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಧೈರ್ಯ ತುಂಬುವ ಮಾತು ನನಗೆ ಬರುವುದಿಲ್ಲ, ನನಗೇ ಸಾಕು ಸಾಕಾಗಿದೆ. ಪಕ್ಕದಲ್ಲಿ ಕೂತು ಕಷ್ಟಸುಖ ಹೇಳಿಕೊಳ್ಳಬಲ್ಲೆ, ಅಷ್ಟೆ.

ನಾನು ಸಿಂಗಾಪುರದವಳು. ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ, ವಿಮಾನ ಹತ್ತಿ ಹೋಗುವುದಲ್ಲ. ನಮ್ಮ ಹೊಲಗಳೆಲ್ಲ ಲೇಔಟ್ ಆದವು. ತಮ್ಮ ಮುನಿರಾಜ ಒಂದರ ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟ. ಗಂಡ ತೀರಿಕೊಂಡ ಮೇಲೆ ನಾನು ಅವನ ಕಟ್ಟಡದ ಕೆಳಗಿನ ಮಳಿಗೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟೆ. ಬಾಡಿಗೆ ಬೇಡ ಅಂತ ಅವನು, ಕೊಟ್ಟೇ ಕೊಡ್ತೀನಿ ಅಂತ ನಾನು. ತವರುಮನೆಯ ಅನ್ನ ಹಬ್ಬದ ದಿನ ರುಚಿ, ದಿನಾ ಉಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಾದಿನಿ ಒಳ್ಳೆಯವಳೇ. ಆದರೂ ನನ್ನ ಕೈ, ನನ್ನ ಕಣ್ಣು, ನನ್ನ ಮಿಷನ್ ಇವು ನಡೆಯುವ ತನಕ ಯಾರ ಮುಂದೆಯೂ ತಟ್ಟೆ ಹಿಡಿಯಬಾರದು ಅನ್ನುವುದು ನನ್ನ ಹಟ.

ಏರ್‌ಪೋರ್ಟ್ ರಸ್ತೆಯ ಉದ್ದಕ್ಕೂ ಫ್ಲೈಓವರ್ ಕಟ್ಟುತ್ತಿದ್ದ ಕಾಲ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿತ್ತು, ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಬಟ್ಟೆ. ಎಡಗಣ್ಣಿನ ಮೇಲೆ, ಹಣೆಯಲ್ಲಿ, ಮೆಣಸಿನಕಾಯಿ ರುಬ್ಬಿ ಹಚ್ಚಿದ ಹಾಗೆ ಉರಿ ಶುರುವಾಯಿತು. ಟ್ಯೂಬ್‌ಲೈಟಿನ ಮೇಲೆ ತಪ್ಪು ಹಾಕಿದೆ, ರಸ್ತೆಯ ಧೂಳಿನ ಮೇಲೆ ಹಾಕಿದೆ, ಕನ್ನಡಕದ ಅಂಗಡಿಯವನ ಮೇಲೂ ಹಾಕಿದೆ. ಮಾರನೆಯ ದಿನ ಹುಬ್ಬಿನ ಮೇಲೆ ನೀರು ತುಂಬಿದ ಗುಳ್ಳೆಗಳು ಸಾಲಾಗಿ ಎದ್ದವು.

ಅವತ್ತು ಹುಣಸಮಾರನಹಳ್ಳಿಯಿಂದ ನನ್ನ ಚಿಕ್ಕಮ್ಮ ಹೊನ್ನಮ್ಮ ಬ್ಲೌಸ್ ಒಯ್ಯಲು ಬಂದಿದ್ದಳು. ಅಮ್ಮ ಹೋದ ಮೇಲೆ ನಮಗೆ ಹಿರಿಯಳು ಅಂದರೆ ಅವಳೇ. ನನ್ನ ಮುಖ ನೋಡಿ ಚೀಲ ಕೆಳಗಿಟ್ಟಳು.

"ಇದು ಸರ್ಪಸುತ್ತು ಕಣಮ್ಮಿ. ಏನೂ ಅಚ್ಬೇಡ, ಮುಟ್ಬೇಡ. ತಲೆಗೂ ಬಾಲಕ್ಕೂ ಸೇರ್ಕೊಂಡ್ರೆ ಜೀವಕ್ಕೇ ಬರ್ತದೆ."

ಮುನಿರಾಜ ಮೇಲಿಂದ ಇಳಿದು ಬಂದ. ಅವನನ್ನು ಕಂಡದ್ದೇ ಚಿಕ್ಕಮ್ಮನ ಮಾತು ಅವನ ಕಡೆಗೆ ತಿರುಗಿತು. ಈಗ ಕಟ್ಟಡ ಇರುವ ಜಾಗದಲ್ಲಿ ಮೊದಲು ಒಂದು ಹುತ್ತ, ನಾಗರ ಕಲ್ಲುಗಳು ಇದ್ದವು. ಪಾಯ ತೋಡುವ ಮುಂಚೆ ಪೂಜೆ ಮಾಡಿಸಿ, ಕಲ್ಲುಗಳನ್ನು ಕೆರೆಯ ಪಕ್ಕದ ಅರಳಿಕಟ್ಟೆಗೆ ಸಾಗಿಸಿದ್ದ. ಅದನ್ನು ಚಿಕ್ಕಮ್ಮ ಇವತ್ತಿಗೂ ಕ್ಷಮಿಸಿಲ್ಲ.

"ಹುತ್ತ ಅಗೆದೋನು ನೀನು, ಅನುಬೋಗ್ಸೋಳು ಇವ್ಳು" ಅಂದಳು.

"ಶಾಸ್ತ್ರವಾಗೇ ಮಾಡ್ಸಿದೀನಲ್ಲ ಚಿಕ್ಕಮ್ಮ, ಎಲ್ಲಾದಕ್ಕೂ ನನ್ ಬಿಲ್ಡಿಂಗ್ ಮೇಲೆ ಯಾಕೆ ಆಕ್ತೀಯ" ಅಂದ ಅವನು. ಅಂದನೇ ಹೊರತು ಅವನ ಮುಖ ಬಿಳಿಚಿಕೊಂಡಿತ್ತು. ತಕ್ಷಣ ಕಾರಿನ ಕೀ ತೆಗೆದುಕೊಂಡ. ನನ್ನನ್ನೂ ಚಿಕ್ಕಮ್ಮನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಚಿಕ್ಕಜಾಲಕ್ಕೆ ಹೊರಟ. ಅಲ್ಲಿ ಕುಂಬಾರರ ಮನೆಯ ಅಜ್ಜಿಯೊಬ್ಬರು ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುತ್ತಿದ್ದರು. ಯಲಹಂಕ ದಾಟುವಾಗ ಎಷ್ಟು ಆಸ್ಪತ್ರೆಗಳ ಬೋರ್ಡು ಕಂಡವೋ ಲೆಕ್ಕವಿಲ್ಲ. ಕಾರಿನಲ್ಲಿದ್ದ ಮೂವರಲ್ಲಿ ಒಬ್ಬರಿಗೂ ಇಳಿಯೋಣ ಅನ್ನಿಸಲಿಲ್ಲ. ಹಾವಿನ ಕಾಯಿಲೆಗೆ ಡಾಕ್ಟರ ಹತ್ತಿರ ಏನು ಕೆಲಸ?

ಆ ಅಜ್ಜಿಯ ಬಗ್ಗೆ ಕೆಟ್ಟ ಮಾತು ಆಡಲಾರೆ. ಒಂದು ಬಿಡಿ ಕಾಸು ಮುಟ್ಟಲಿಲ್ಲ. ತಣ್ಣನೆಯ ಕೆಮ್ಮಣ್ಣನ್ನು ಬೆರಳಲ್ಲಿ ಅದ್ದಿ, ಏನೋ ಗುನುಗುತ್ತ, ನನ್ನ ಹುಬ್ಬಿನ ಈಚೆಗೊಂದು ಆಚೆಗೊಂದು ಹೆಡೆ ಬರೆದು, ನಡುವೆ ಪೂರ್ತಿ ಬಳಿದರು. ಒದ್ದೆ ಮಣ್ಣು ತಾಗಿದ ಅಷ್ಟು ಹೊತ್ತು ಉರಿ ನಿಂತಿತು, ಅಳು ಬಂತು. ಮೂರು ದಿನ ಹೊತ್ತು ಹುಟ್ಟುವ ಮುಂಚೆ ಬರಬೇಕು, ನಾಲ್ಕನೆಯ ಬೆಳಿಗ್ಗೆ ತನಕ ಮುಖಕ್ಕೆ ನೀರು ಸೋಕಿಸಬಾರದು, ಒಗ್ಗರಣೆ ಹಾಕಿದ್ದು ತಿನ್ನಬಾರದು, ಇಂಗ್ಲಿಷ್ ಔಷಧಿ ತಗೊಂಡರೆ ಹಾವು ಒಳಗೆ ಸೇರಿಕೊಳ್ಳುತ್ತದೆ ಅಂದರು. ನಾವು ಮೂವರೂ ತಲೆಯಾಡಿಸಿದೆವು.

ಎರಡನೆಯ ದಿನಕ್ಕೆ ರೆಪ್ಪೆ ಊದಿಕೊಂಡಿತು. ಮೂರನೆಯ ದಿನ ಮೂಗಿನ ತುದಿಯಲ್ಲೂ ಒಂದು ಗುಳ್ಳೆ ಎದ್ದಿತ್ತು. ಅವತ್ತು ಕೊನೆಯ ಸಲ ಮಣ್ಣು ಹಚ್ಚಿಸಿಕೊಂಡು ಬಂದು, ಮಧ್ಯಾಹ್ನ ಸುಮ್ಮನಿರಲಾರದೆ ಒಂದು ಬ್ಲೌಸ್ ಕತ್ತರಿಸೋಣ ಎಂದು ಅಳತೆಪಟ್ಟಿ ಕೈಗೆತ್ತಿಕೊಂಡೆ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದೆ. ಪಟ್ಟಿಯ ಮೇಲಿನ ಅಂಕಿಗಳು ಇರಲಿಲ್ಲ. ಹಳದಿ ಬಣ್ಣ ಇತ್ತು, ಅಂಕಿ ಇಲ್ಲ. ಇನ್ನೊಂದು ಸಲ ನೋಡಿದೆ. ಸತ್ತರೆ ಸತ್ತೆ, ಕುರುಡಿಯಾಗಿ ತಮ್ಮನ ಮನೆಯ ಹಜಾರದಲ್ಲಿ ಕೂರುವ ದಿನ ಬಂದರೆ ಏನು ಗತಿ ಎಂದು ಭಯವಾಯಿತು. ಯಾರಿಗೂ ಹೇಳದೆ ಶಟರ್ ಎಳೆದು, ಆಟೋ ಹತ್ತಿ ಹೆಬ್ಬಾಳಕ್ಕೆ ಹೋದೆ.

ಮುಖದ ಅರ್ಧಕ್ಕೆ ಕೆಮ್ಮಣ್ಣು ಬಳಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂರುವುದು ಎಂಥ ಶಿಕ್ಷೆ ಎಂದು ಕೂತವರಿಗೇ ಗೊತ್ತು. ಮಕ್ಕಳು ತಿರುಗಿ ತಿರುಗಿ ನೋಡಿದವು. ಸೆರಗು ಮರೆ ಮಾಡೋಣವೆಂದರೆ ಬಟ್ಟೆ ತಾಗಿದರೆ ಪ್ರಾಣ ಹೋಗುವಷ್ಟು ನೋವು. ಕೊನೆಗೆ ನರ್ಸ್ ಬಂದು, "ಮುಖ ತೊಳ್ಕೊಂಡ್ ಬನ್ನಿ ಅಮ್ಮ, ಇಲ್ದಿದ್ರೆ ಡಾಕ್ಟ್ರು ಹೇಗೆ ನೋಡ್ತಾರೆ" ಅಂದಳು.

ಬಚ್ಚಲಿನ ನಲ್ಲಿಯ ಮುಂದೆ ನಿಂತೆ. ನೀರು ಹರಿಯುತ್ತಿತ್ತು, ನನ್ನ ಕೈ ಮೇಲೆ ಏಳಲಿಲ್ಲ. ಕಣ್ಣು ಹೋಗುವ ಭಯ ಒಂದು ಕಡೆ, ಹಾವಿನ ತಲೆ ಬಾಲ ಸೇರುವ ಭಯ ಒಂದು ಕಡೆ. ನಗುವವರು ನಗಲಿ, ನನಗೆ ಆಗ ಎರಡನೆಯದೇ ದೊಡ್ಡದಾಗಿತ್ತು. ನಿಂತೇ ಇದ್ದೆ. ನನ್ನ ಹಿಂದೆ, ಆರ್.ಟಿ. ನಗರದಿಂದ ಅತ್ತೆಯ ಪೊರೆ ತೆಗೆಸಲು ಬಂದಿದ್ದ ಒಬ್ಬ ಬುರ್ಖಾದ ಹೆಂಗಸು ಸರದಿಗೆ ಕಾಯುತ್ತಿದ್ದಳು. ಅವಳು ಏನೂ ವಿಚಾರಿಸಲಿಲ್ಲ.

"ಭಯ ಆಗ್ತಿದ್ಯಾ ಅಕ್ಕ? ಕಣ್ಮುಚ್ಚಿ, ನಾನ್ ತೊಳೀತೀನಿ" ಅಂದಳು.

ಬೊಗಸೆಯಲ್ಲಿ ನೀರು ಹಿಡಿದು, ಉಜ್ಜದೆ, ಬರೀ ಸುರಿದು ಸುರಿದು ಮಣ್ಣು ಇಳಿಸಿದಳು. ಅವಳ ತೋಳೆಲ್ಲ ಕೆಂಪಾಯಿತು. ತಾಯಿ ಸತ್ತ ಮೇಲೆ ನನ್ನ ಮುಖವನ್ನು ಇನ್ನೊಬ್ಬರು ತೊಳೆದದ್ದು ಅದೇ ಮೊದಲು. ಹೆಸರು ಕೇಳುವ ಬುದ್ಧಿಯೂ ನನಗೆ ಬರಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೂಗಿನ ತುದಿಯ ಗುಳ್ಳೆ ನೋಡಿ, ಅಲ್ಲಿ ಎದ್ದರೆ ಕಣ್ಣಿನೊಳಗೂ ಇಳಿದಿರುತ್ತದೆ ಅಂದರು. ಬೈಯಲಿಲ್ಲ. "ಚಿಕ್ಕವರಿದ್ದಾಗ ಅಮ್ಮ, ಚಿಕನ್‌ಪಾಕ್ಸ್, ಆಗಿತ್ತಾ ನಿಮ್ಗೆ?" ಎಂದು ಕೇಳಿದರು.

ಆಗಿತ್ತು. ನನಗೂ ಮುನಿರಾಜನಿಗೂ ಒಟ್ಟಿಗೇ. ಒಂದೇ ಚಾಪೆಯ ಮೇಲೆ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದರು. ಊರ ದೇವಿ ಮೈಮೇಲೆ ಬಂದಿದ್ದಾಳೆ ಎಂದು ಅಮ್ಮ ನಮ್ಮಿಬ್ಬರಿಗೂ ಬಹುವಚನ ಹಚ್ಚಿ ಮಾತಾಡಿದ್ದಳು. ಇಳಿದ ಮೇಲೆ ಅರಿಶಿನ ಬೇವಿನ ನೀರೆರೆದು, ಮೊಸರನ್ನ ಇಟ್ಟು, ದೇವಿಯನ್ನು ಕಳಿಸಿಕೊಟ್ಟಿದ್ದೆವು.

"ದೇವಿ ಹೋದ್ಲು, ವೈರಸ್ ಹೋಗಿಲ್ಲ" ಅಂದರು ಡಾಕ್ಟರಮ್ಮ. "ನರದ ಬುಡದಲ್ಲಿ ಇಷ್ಟು ವರ್ಷ ಸದ್ದಿಲ್ದೆ ಕೂತಿತ್ತು. ಈಗ ಎದ್ದಿದೆ. ಗುಳ್ಳೆ ಎದ್ದ ಕೂಡ್ಲೇ ಮಾತ್ರೆ ಶುರು ಮಾಡಿದ್ರೆ ತುಂಬಾ ಒಳ್ಳೇದಿತ್ತು. ಈಗ್ಲೂ ಕೊಡ್ತೀನಿ. ಕಣ್ಣಿನ ವಿಷ್ಯ ಮಾತ್ರ ನಾನು ಪ್ರಾಮಿಸ್ ಮಾಡಲ್ಲ."

ಅಷ್ಟು ಹೊತ್ತಿಗೆ ಮುಚ್ಚಿದ ಶಟರ್ ನೋಡಿ ಗಾಬರಿಯಾಗಿ ನನಗೆ ಫೋನ್ ಮಾಡಿದ್ದ ಮುನಿರಾಜನೂ ಬಂದು ಬಾಗಿಲಲ್ಲಿ ನಿಂತಿದ್ದ. ತೊಳೆದ ನನ್ನ ಮುಖ ನೋಡಿದ. ಇದು ಆ ಹುತ್ತದಿಂದ ಬಂದದ್ದಲ್ಲವಾ ಎಂದು ಡಾಕ್ಟರಮ್ಮನನ್ನು ಎರಡು ಸಲ ಕೇಳಿದ. ಅಲ್ಲ ಎಂದಾಗ ಅವನ ಹೆಗಲು ಇಳಿಯಿತು. ಮಾತ್ರೆ ಏನು ಮಾಡುತ್ತದೆ ಎಂದು ಕೇಳಿದ. ಕಟ್ಟಡದ ಕೆಲಸದವನು ಎಂದು ತಿಳಿದು ಅವರು ಅವನ ಭಾಷೆಯಲ್ಲೇ ಹೇಳಿದರು.

"ವೈರಸ್‌ಗೆ ಸ್ವಂತ ಸಾಮಾನು ಇಲ್ಲ ಸಾರ್. ಜೀವಕೋಶದ ಒಳಗೆ ನುಗ್ಗಿ, ಇವ್ರದ್ದೇ ಇಟ್ಟಿಗೆ, ಇವ್ರದ್ದೇ ಮೇಸ್ತ್ರಿ ಇಟ್ಕೊಂಡು ತನ್ನ ಥರದವನ್ನ ಕಟ್ಕೊಳತ್ತೆ. ಈ ಮಾತ್ರೆ ಇಟ್ಟಿಗೆ ಥರಾನೇ ಇರತ್ತೆ. ಗೋಡೇಲಿ ಕೂರತ್ತೆ. ಆದ್ರೆ ಇದರ ಮೇಲೆ ಇನ್ನೊಂದು ಇಟ್ಟಿಗೆ ಕೂರಲ್ಲ. ಕೆಲಸ ಅಲ್ಲಿಗೆ ನಿಂತೋಗತ್ತೆ."

"ಅಂದ್ರೆ ಖಾಲಿ ಮಾಡ್ಸಲ್ಲ?"

"ಖಾಲಿ ಮಾಡ್ಸೋ ಔಷಧಿ ಇನ್ನೂ ಹುಡುಕ್ತಿದಾರೆ. ಇದು ಕಟ್ಟೋದನ್ನ ನಿಲ್ಸತ್ತೆ ಅಷ್ಟೇ."

ಎಷ್ಟೋ ಬಾಡಿಗೆದಾರರನ್ನು ಕಂಡ ಮುನಿರಾಜ ದೊಡ್ಡ ನಿಟ್ಟುಸಿರು ಬಿಟ್ಟ.

ಆಮೇಲಿನ ದಿನಗಳು ನನಗೆ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಿವೆ. ಹೆಬ್ಬೆರಳಿನಷ್ಟು ದಪ್ಪದ ಮಾತ್ರೆ, ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ, ತಿಂದದ್ದೆಲ್ಲ ವಾಂತಿ. ವಾರಕ್ಕೊಮ್ಮೆ ಹೆಬ್ಬಾಳ. ಅಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಓದುವ ಪರೀಕ್ಷೆ. ಎಡಗಣ್ಣಲ್ಲಿ ಮೊದಲ ಸಾಲು ಕೂಡ ಕಾಣದೆ, ಹಿಂದಿನ ಸಲ ಬಾಯಿಪಾಠವಾದ ಅಕ್ಷರವನ್ನೇ ಹೇಳಿಬಿಡುತ್ತಿದ್ದೆ. "ನನಗೆ ಮೋಸ ಮಾಡಿ ನಿಮಗೇನು ಲಾಭ ಭಾಗ್ಯಮ್ಮ" ಎಂದು ಡಾಕ್ಟರಮ್ಮ ನಗುತ್ತಿದ್ದರು. ಹಬ್ಬಕ್ಕೆ ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ನಾದಿನಿ ಗಂಟು ಕಟ್ಟಿ ಬೇರೆ ಟೈಲರ್‌ಗೆ ಕಳಿಸಿದಳು. ಆ ಗಂಟುಗಳು ಅಂಗಡಿಯಿಂದ ಹೊರಗೆ ಹೋಗುವುದನ್ನು ಬಲಗಣ್ಣಲ್ಲಿ ನೋಡಿದೆ.

ಮನೆಯಲ್ಲಿ ಇನ್ನೊಂದು ಕಥೆ ತಯಾರಾಯಿತು. ಚಿಕ್ಕಮ್ಮನ ಪ್ರಕಾರ ನಾನು ಒಂದು ರಾತ್ರಿ ತಡೆದುಕೊಂಡಿದ್ದರೆ ಕಣ್ಣು ಉಳಿಯುತ್ತಿತ್ತು. ಮಣ್ಣು ತೊಳೆದದ್ದೇ ಮುಳುವಾಯಿತು. "ಇಷ್ಟ್ ಮಾಡಿ ಒಂದ್ ರಾತ್ರಿಗೆ ಕೆಡಿಸ್ಕೊಂಡ್ಯಲ್ಲೇ" ಎಂದು ಬಂದವರ ಮುಂದೆಲ್ಲ ಮರುಗಿದಳು. ಆಸ್ಪತ್ರೆಯಲ್ಲಿ ಬೇಗ ಬರಲಿಲ್ಲ ಅಂತ, ಮನೆಯಲ್ಲಿ ಬೇಗ ಹೋದೆ ಅಂತ. ಅತ್ತ ದರಿ ಇತ್ತ ಪುಲಿ. ವಾದ ಮಾಡುವಷ್ಟು ತ್ರಾಣ ನನಗಿರಲಿಲ್ಲ. ಇಬ್ಬರ ಮಾತಿಗೂ ಊಂ ಅಂದುಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಕಣ್ಣು ಪೂರ್ತಿ ಹೋಗಲಿಲ್ಲ. ಕಪ್ಪುಗುಡ್ಡೆಯ ಮೇಲೆ ಒಂದು ಕಲೆ ಉಳಿಯಿತು. ಬೋಂಡಾ ಕಟ್ಟಿದ ಎಣ್ಣೆ ಕಾಗದದಿಂದ ಆಚೆ ನೋಡಿದ ಹಾಗೆ ಕಾಣುತ್ತದೆ. ದಾನ ಬಂದ ಕಣ್ಣಿನ ಪದರ ಬದಲಿ ಹಾಕಿಸಬಹುದು, ಆದರೆ ಕತ್ತರಿ ಬಿದ್ದರೆ ಮಲಗಿದ್ದ ವೈರಸ್ ಮತ್ತೆ ಏಳಬಹುದು ಎಂದು ಡಾಕ್ಟರಮ್ಮ ಹೇಳಿದಾಗ, ಇದ್ದ ಹಾಗೇ ಇರಲಿ ಎಂದೆ.

ಮುನಿರಾಜ ಒಂದು ಸಂಜೆ ಬಂದು ಕೂತ. "ಅಕ್ಕ, ಮಿಷನ್ ಮಾರ್ಬಿಡಾಣ. ಬೇಕರಿಯೋರು ಮಳಿಗೆ ಕೇಳ್ತಾವ್ರೆ. ನಿಂಗ್ಯಾಕೆ ಈ ಕಷ್ಟ, ಮೇಲ್ ಬಂದು ಆರಾಮಾಗಿರು. ನಾನಿಲ್ವಾ?"

ಪ್ರೀತಿಯಿಂದಲೇ ಅಂದ. ಅದಕ್ಕೇ ನನಗೆ ಸಿಟ್ಟು ಬಂತು. ಕೆಟ್ಟ ಮನಸ್ಸಿನಿಂದ ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. "ಒಂದ್ ಕಣ್ಣಿದೆ ಇನ್ನೂ. ಅದೂ ಹೋದ್ಮೇಲೆ ಬಾ" ಎಂದೆ.

ಮತ್ತೆ ಹೊಲಿಯಲು ಕೂತೆ. ಒಂದು ಕಣ್ಣಿಗೆ ಆಳ ತಿಳಿಯುವುದಿಲ್ಲ, ಸೂಜಿ ಬಟ್ಟೆಗೆ ಎಲ್ಲಿ ತಾಗುತ್ತದೆ ಎಂದು ಬೆರಳು ಹೇಳಬೇಕು. ಮೊದಲ ಬ್ಲೌಸಿನ ಕತ್ತು ಸೊಟ್ಟಗಾಯಿತು. ಹಳೆಯ ಗಿರಾಕಿ ಏನೂ ಅನ್ನದೆ ಹಾಕಿಕೊಂಡು ಹೋದಳು, ಮತ್ತೆ ಬರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು, ಕೈಗೆ ಮತ್ತೆ ಪಾಠ ಬರಲು ಒಂದು ವರ್ಷದ ಮೇಲೆ ಹಿಡಿಯಿತು. ಅರ್ಧದಷ್ಟು ಜನ ಹೋದರು, ಅರ್ಧದಷ್ಟು ಉಳಿದರು. ಅವರ ಋಣ ದೊಡ್ಡದು. ಮುನಿರಾಜ ಮಾತ್ರ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಬೇಕರಿಯ ಮಾತು ಎತ್ತುವುದನ್ನು ಬಿಡಲಿಲ್ಲ. ನನ್ನ ಬಲಗಣ್ಣಿಗೆ ಸ್ವಲ್ಪ ನೀರು ಬಂದರೂ ಅವನ ಮುಖದಲ್ಲಿ ಬೇಕರಿ ಕಾಣುತ್ತಿತ್ತು.

ಗಾಯ ಮಾಯ್ದ ಮೇಲೆ ಎಲ್ಲರೂ ಮರೆತರು. ಮರೆಯುವುದು ಸಹಜ, ನಾನೂ ಬೇರೆಯವರ ಕಾಯಿಲೆ ಹಾಗೇ ಮರೆತಿದ್ದೇನೆ. ಆದರೆ ನೋವು ನನ್ನನ್ನು ಮರೆಯಲಿಲ್ಲ. ಬಾಚಣಿಗೆಯ ಹಲ್ಲು ಎಡಗಡೆ ತಾಗಿದರೆ ಕರೆಂಟು ಹೊಡೆದ ಹಾಗೆ. ಬಸ್ಸಿನ ಕಿಟಕಿಯ ಗಾಳಿ, ತಲೆಯ ಮೇಲೆ ಹೊದೆಯುವ ಸೆರಗು, ದಿಂಬಿನ ಒರಟು ಬಟ್ಟೆ, ಎಲ್ಲವೂ ಶತ್ರು. ನರಕ್ಕೆ ಕೊಟ್ಟ ಮಾತ್ರೆ ನುಂಗಿದರೆ ಉರಿ ತಗ್ಗುತ್ತದೆ, ತಲೆ ಮಾತ್ರ ತೂಕಡಿಸುತ್ತದೆ. ತೂಕಡಿಸಿದರೆ ಹೊಲಿಗೆ ಇಲ್ಲ. ಹೊಲಿಗೆ ಇರುವ ದಿನ ನೋವು, ನೋವಿಲ್ಲದ ದಿನ ನಿದ್ದೆ ಎಂದು ವರ್ಷಗಳು ಹೋದವು. ಒಂದು ಹೊಲಿಗೆಗಾರ್ತಿಯ ಉಪಾಯ ಮಾತ್ರ ಕಂಡುಕೊಂಡೆ. ಬಳಸಿ ಬಳಸಿ ಮೆತ್ತಗಾದ ಹಳೆಯ ಕಾಟನ್ ಸೀರೆಯಿಂದ ದಿಂಬಿನ ಚೀಲ ಹೊಲಿದು, ಅಂಚು ಕೆನ್ನೆಗೆ ತಾಗದ ಹಾಗೆ ತಿರುವಿ ಹಾಕುತ್ತಿದ್ದೆ.

ಆರು ತಿಂಗಳಿಗೊಮ್ಮೆ ಹೋದಾಗ ಡಾಕ್ಟರಮ್ಮನಿಗೆ ನನ್ನದೊಂದು ಖಾಯಂ ಪ್ರಶ್ನೆ. "ಖಾಲಿ ಮಾಡ್ಸೋ ಔಷಧಿ ಸಿಕ್ತಾ?"

"ಇನ್ನೂ ಹುಡುಕ್ತಿದಾರೆ ಭಾಗ್ಯಮ್ಮ."

"ನಿಧಾನಕ್ಕೇ ಹುಡುಕ್ಲಿ. ನಾನೆಲ್ ಹೋಗ್ತೀನಿ."

ಫ್ಲೈಓವರ್ ಮುಗಿದು, ಅದರ ಮೇಲೆ ವಾಹನಗಳು ಹರಿಯತೊಡಗಿ ಎರಡು ಮೂರು ವರ್ಷ ಆಗಿತ್ತು. ಒಂದು ಬೆಳಿಗ್ಗೆ ಮುನಿರಾಜ ಅಂಗಡಿಗೆ ಬಂದು ನಿಂತ. ಕೂರಲಿಲ್ಲ. ಒಂದು ಕೈಯಲ್ಲಿ ಶರಟನ್ನು ಪಕ್ಕೆಯಿಂದ ದೂರ ಹಿಡಿದುಕೊಂಡಿದ್ದ. ಹಾಗೆ ಬಟ್ಟೆ ಹಿಡಿಯುವವರನ್ನು ಕಂಡರೆ ನನಗೆ ಹೇಳಬೇಕಿಲ್ಲ. ಶರಟು ಎತ್ತಿ ನೋಡಿದೆ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಗುಳ್ಳೆಯ ಸಾಲು, ಆಗ ತಾನೆ ಎದ್ದದ್ದು.

"ಚಿಕ್ಕಮ್ಮಂಗೆ ಏಳಿಲ್ಲ" ಅಂದ, ಮೆಲ್ಲಗೆ.

ಕತ್ತರಿ ಅಲ್ಲೇ ಬಿಟ್ಟು ಶಟರ್ ಎಳೆದೆ. ಮಧ್ಯಾಹ್ನದೊಳಗೆ ಮೊದಲ ಮಾತ್ರೆ ಅವನ ಹೊಟ್ಟೆ ಸೇರಿತು. ಮಾತ್ರೆ ನುಂಗಿದ ಮೇಲೆ ನನ್ನ ಮುಖ ನೋಡದೆ, "ಚಿಕ್ಕಜಾಲಕ್ಕೂ ಒಂದ್ಸಲ ಓಗ್ಬರ್ಲಾ ಅಕ್ಕ?" ಅಂದ. ನಾನೇ ಜೊತೆಗೆ ಹೋದೆ. ಅಜ್ಜಿ ತೀರಿಕೊಂಡು ಸೊಸೆ ಹಚ್ಚುತ್ತಿದ್ದಳು. ಅವನು ಮಾತ್ರೆಯನ್ನೂ ಬಿಡಲಿಲ್ಲ, ಮಣ್ಣನ್ನೂ ತೊಳೆಯಲಿಲ್ಲ, ನಾಲ್ಕನೆಯ ಬೆಳಿಗ್ಗೆ ತನಕ ಕಾದ. ಹೊಸ ಗುಳ್ಳೆ ಏಳುವುದು ನಿಂತಿತು. ಆಮೇಲೆ ವಿಷಯ ತಿಳಿದ ಚಿಕ್ಕಮ್ಮನೂ ಗೆದ್ದಳು, ಡಾಕ್ಟರಮ್ಮನೂ ಗೆದ್ದರು. ನನಗೆ ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಒಡಹುಟ್ಟಿದವನ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನಾಚಿಕೆಯಾಯಿತು, ಆದರೂ ಆಯಿತು.

ಆದರೆ ಉರಿ ಅವನಿಗೂ ಇತ್ತು. ಶರಟು ತಾಗಬಾರದು, ಬರಿಮೈಗೆ ಫ್ಯಾನಿನ ಗಾಳಿಯೂ ತಾಗಬಾರದು. ಅಷ್ಟು ದೊಡ್ಡ ಆಳು ಹಾಸಿಗೆಯ ಅಂಚಿನಲ್ಲಿ ಕೈ ಎತ್ತಿಕೊಂಡು ಕೂತು ಕಣ್ಣೀರು ಹಾಕುತ್ತಿದ್ದ. ನಾನು ಕೆಳಗೆ ಬಂದು ನನ್ನ ಪೆಟ್ಟಿಗೆಯಿಂದ ಎಷ್ಟೋ ವರ್ಷ ಉಟ್ಟ ಒಂದು ಕಾಟನ್ ಸೀರೆ ತೆಗೆದೆ. ಅಳತೆ ತೆಗೆದುಕೊಳ್ಳುವ ಹಾಗಿರಲಿಲ್ಲ, ಪಟ್ಟಿ ಸೋಕಿದರೆ ಕಿರುಚುತ್ತಿದ್ದ. ಕಣ್ಣಳತೆಯಲ್ಲೇ ಕತ್ತರಿಸಿದೆ, ಇದ್ದ ಒಂದು ಕಣ್ಣಿನ ಅಳತೆಯಲ್ಲಿ. ದೊಗಲೆ ಅಂಗಿ. ಪಕ್ಕೆಯಲ್ಲಿ ಹೊಲಿಗೆಯೇ ಇಲ್ಲ. ಇರುವ ಹೊಲಿಗೆಗಳೆಲ್ಲ ಮೇಲ್ಮೈಗೆ, ಮೈಗೆ ತಾಗುವ ಕಡೆ ಒಂದು ಗಂಟು, ಒಂದು ಮಡಿಕೆ ಇಲ್ಲ. ನೋಡುವವರಿಗೆ ಅಂಗಿಯನ್ನು ತಿರುಗಾಮುರುಗಾ ಹಾಕಿಕೊಂಡ ಹಾಗೆ ಕಾಣುತ್ತದೆ. ನೀಲಿ ಸೀರೆ, ಅದರಲ್ಲಿ ಬಿಳಿ ಹೂವು ಬೇರೆ.

ಹಾಕಿಕೊಂಡ. ಉಸಿರು ಬಿಗಿಹಿಡಿದು ಕೈ ಕೆಳಗಿಳಿಸಿದ. ಸ್ವಲ್ಪ ಹೊತ್ತು ಏನಾದರೂ ಚುಚ್ಚುತ್ತದೇನೋ ಎಂದು ಕಾದ. ಆಮೇಲೆ ನಿಧಾನವಾಗಿ ಗೋಡೆಗೆ ಒರಗಿ ಕೂತ.

"ತಾಕ್ತಾ ಇಲ್ಲ ಅಕ್ಕ" ಅಂದ.

ನಾನು ಏಳುವವಳಿದ್ದೆ. ಅವನು ನನ್ನ ಹಣೆಯನ್ನೇ ನೋಡುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವನು ಹಾಗೆ ನೋಡಿದ್ದೇ ಇಲ್ಲ.

"ನಿಂಗೆ ಈಗ್ಲೂ ಇಂಗೇ ಇರ್ತದಾ?"

"ಊಂ."

"ದಿನಾನೂವಾ?"

"ಹೊಲೀವಾಗ ಜಾಸ್ತಿ."

"ಮತ್ಯಾಕೆ ಒಂದಿನಾನೂ ಏಳ್ಲಿಲ್ಲ?"

"ಹೇಳಿದ್ರೆ ನೀನು ಮಿಷನ್ ಮಾರ್ತಿದ್ದೆ" ಎಂದೆ. ಅವನು ತಲೆ ತಗ್ಗಿಸಿದ. ತಮ್ಮನನ್ನು ಅಳಿಸುವ ಉದ್ದೇಶ ನನಗಿರಲಿಲ್ಲ, ಆದರೆ ಅತ್ತ. ನಾನೂ ಅತ್ತೆ.

ಆ ಹೂವಿನ ಅಂಗಿಯಲ್ಲೇ ಅವನು ಒಂದು ವಾರ ಬಾಡಿಗೆದಾರರ ಮುಂದೆ, ಮೇಸ್ತ್ರಿಗಳ ಮುಂದೆ ಓಡಾಡಿದ. ಯಾರೋ ನಕ್ಕರಂತೆ. ಬೆವರಿಗೆ ಅಂಗಿ ಮೆತ್ತಿಕೊಳ್ಳತೊಡಗಿದಾಗ, ಅಂಗಡಿಯ ಮುಂದೆ ನಾಲ್ಕು ಜನ ಹೆಂಗಸರು ಬಟ್ಟೆ ಹಿಡಿದು ನಿಂತಿರುವಾಗಲೇ ಬಂದು, ಬಾಗಿಲ ಹೊರಗೆ ನಿಂತು ಕೇಳಿದ.

"ಅಕ್ಕ, ಇಂಥದ್ದೇ ಇನ್ನೊಂದು ಒಲ್ಕೊಡು."

"ಇವ್ರದ್ದೆಲ್ಲಾ ಆಗ್ಲಿ" ಎಂದೆ. "ನಿಂದು ಅವರಾದ್ಮೇಲೆ. ನಾಳಿದ್ದು ಬಾ."

"ಆಯ್ತು" ಅಂದ ಕಟ್ಟಡದ ಮಾಲೀಕ. ಹೋಗಿ ಮೆಟ್ಟಿಲ ಮೇಲೆ ಕೂತುಕೊಂಡ.